ಪೆಟ್ಟಿಗೆಯೊಳಗಿನ ಪ್ರತಿಸ್ಪರ್ಧಿ ಮತ್ತು ಗಡಿನಾಡಿನ ನೋಡುಗ

2016ರ ನವೆಂಬರಿನಲ್ಲಿ ಅಮೆರಿಕದ ಕೇಬಲ್ ಕಂಪನಿ ಕಾಮ್‌ಕಾಸ್ಟ್ ತನ್ನ ‘ಎಕ್ಸ್‌1’ ಸೆಟ್‌ಟಾಪ್ ಬಾಕ್ಸಿನೊಳಗೆ ನೆಟ್‌ಫ್ಲಿಕ್ಸಿಗೆ ಜಾಗ ಮಾಡಿಕೊಟ್ಟಿತು. ಎರಡು ವರ್ಷಗಳ ಹಿಂದಷ್ಟೇ ಈ ಎರಡೂ ಸಂಸ್ಥೆಗಳು ಬಹಿರಂಗವಾಗಿ ಜಗಳವಾಡಿದ್ದವು. ಕಾಮ್‌ಕಾಸ್ಟಿನ ಅಂತರ್ಜಾಲ ಗ್ರಾಹಕರ ಮನೆಗಳಿಗೆ ತನ್ನ ಚಿತ್ರಗಳು ಅಡೆತಡೆಯಿಲ್ಲದೆ ತಲುಪಲೆಂದು ನೇರ ಸಂಪರ್ಕಕ್ಕೆ ಹಣ ತೆರಲು ನೆಟ್‌ಫ್ಲಿಕ್ಸ್ 2014ರ ಫೆಬ್ರುವರಿಯಲ್ಲಿ ಒಪ್ಪಿತ್ತು. ಅದೇ ಏಪ್ರಿಲ್‌ನಲ್ಲಿ ಕಾಮ್‌ಕಾಸ್ಟ್ ಮತ್ತು ಟೈಮ್ ವಾರ್ನರ್ ಕೇಬಲ್‌ಗಳ ವಿಲೀನವನ್ನು ಬಹಿರಂಗವಾಗಿಯೇ ವಿರೋಧಿಸಿತ್ತು. ಆ ವಿಲೀನದ ಪ್ರಸ್ತಾವ 2015ರಲ್ಲಿ ಬಿದ್ದುಹೋಯಿತು. ಮರುವರ್ಷವೇ ವಿರೋಧಿ ಮನೆಯೊಳಗೆ ಬಂದು ಕುಳಿತ. ಅವನ ಹಿಂದೆಯೇ 2017ರಲ್ಲಿ ಯೂಟ್ಯೂಬ್, 2018ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊ ಬಂದವು. ಕಾಮ್‌ಕಾಸ್ಟಿಗೇ ಪಾಲಿದ್ದ ಹುಲು ಆ ಪೆಟ್ಟಿಗೆಗೆ ಬರಲು 2020ರವರೆಗೆ ಕಾಯಬೇಕಾಯಿತೆಂಬುದು ಈ ಕತೆಯ ಒಂದು ಸಣ್ಣ ವಿನೋದ. ಬ್ರಿಟನ್ನಿನಲ್ಲಿ ಇದು ಇನ್ನೂ ಮೊದಲೇ ನಡೆದಿತ್ತು: ವರ್ಜಿನ್ ಮೀಡಿಯಾ ತನ್ನ ಟಿವೊ ಪೆಟ್ಟಿಗೆಯಲ್ಲಿ ನೆಟ್‌ಫ್ಲಿಕ್ಸನ್ನು ಸೇರಿಸಿಕೊಂಡದ್ದು 2013ರಲ್ಲಿ.

ವಾಣಿಜ್ಯ ವರದಿಗಾರಿಕೆ ಇದನ್ನು ರಾಜಿಯ ಕತೆಯಾಗಿ ಓದಿತು. ಕೇಬಲ್ ಬಿಡುವ ಗ್ರಾಹಕರನ್ನು ಹಿಡಿದಿಟ್ಟುಕೊಳ್ಳಲು ಕೇಬಲ್ಲಿನವರಿಗೆ ನೆಟ್‌ಫ್ಲಿಕ್ಸ್ ಬೇಕಿತ್ತು. ರಿಮೋಟು ಬದಲಿಸದೆ, ಟೀವಿಯ ಒಳದಾರಿ ಬದಲಿಸದೆ ನೋಡುವ ಮನೆಗಳು ನೆಟ್‌ಫ್ಲಿಕ್ಸಿಗೆ ಬೇಕಿದ್ದವು. ಇದು ಸುಳ್ಳಲ್ಲ. ಆದರೆ ಭಾಷೆ ಮತ್ತು ಸಂಸ್ಕೃತಿಯನ್ನು ಅಭ್ಯಾಸ ಮಾಡುವವರು ಕೇಳಬೇಕಾದ ಪ್ರಶ್ನೆ ಬೇರೆ: ಪ್ರತಿಸ್ಪರ್ಧಿಯನ್ನು ಒಳಗೆ ಕರೆದುಕೊಂಡಾಗ ಪೆಟ್ಟಿಗೆಯ ಒಡೆಯ ಯಾವುದನ್ನು ಬಿಟ್ಟುಕೊಡುತ್ತಾನೆ, ಯಾವುದನ್ನು ತನ್ನಲ್ಲೇ ಉಳಿಸಿಕೊಳ್ಳುತ್ತಾನೆ? ಎಕ್ಸ್‌1ರ ಉದಾಹರಣೆಯಲ್ಲಿ ಉತ್ತರ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಟೀವಿ ಹಚ್ಚಿದ ಕೂಡಲೇ ಮೂಡುವ ಮೊದಲ ಪರದೆ ಕಾಮ್‌ಕಾಸ್ಟಿನದು. ಹುಡುಕಾಟ ಅದರದು. ರಿಮೋಟಿಗೆ ಒಂದು ಹೆಸರು ಹೇಳಿದರೆ ವಾಹಿನಿಯಲ್ಲಿ ಬರಲಿರುವುದು, ಕಾಮ್‌ಕಾಸ್ಟಿನ ಸ್ವಂತ ಸಂಗ್ರಹದಲ್ಲಿರುವುದು, ನೆಟ್‌ಫ್ಲಿಕ್ಸಿನಲ್ಲಿರುವುದು ಎಲ್ಲವೂ ಒಂದೇ ಪಟ್ಟಿಯಾಗಿ ಬರುತ್ತವೆ. ಆ ಪಟ್ಟಿಯ ಕ್ರಮವನ್ನು ನಿರ್ಧರಿಸುವವರು ಪೆಟ್ಟಿಗೆಯವರು. ಪದಗಳು ಪ್ರತಿಸ್ಪರ್ಧಿಯವಾದರೂ ಅನ್ವಯ ಮನೆಯೊಡೆಯನದು. 2024ರಲ್ಲಿ ಕಾಮ್‌ಕಾಸ್ಟ್ ತನ್ನದೇ ಪೀಕಾಕ್ ಸೇವೆಯನ್ನು ನೆಟ್‌ಫ್ಲಿಕ್ಸ್, ಆಪಲ್ ಟೀವಿ ಪ್ಲಸ್‌ಗಳೊಡನೆ ಕಟ್ಟಿ ತಿಂಗಳಿಗೆ 15 ಡಾಲರಿಗೆ ಮಾರಲು ತೊಡಗಿದಾಗ, ಒಂದು ಕಾಲದ ವೈರಿ ತಿಂಗಳ ಬಿಲ್ಲಿನ ಒಂದು ಸಾಲಾಗಿದ್ದ.

ಸಾಹಿತ್ಯದ ವಿದ್ಯಾರ್ಥಿಗೆ ಈ ಅಧಿಕಾರ ಅಪರಿಚಿತವಲ್ಲ. ಅದು ಸಂಕಲನಕಾರನ ಅಧಿಕಾರ. ಸಂಕಲನಕಾರ ಒಂದು ಸಾಲನ್ನೂ ಬರೆಯದೆ ಒಂದು ಕಾಲದ ಕಾವ್ಯವನ್ನು ರೂಪಿಸಬಲ್ಲ. ಯಾರು ಮೊದಲು, ಯಾರು ಕೊನೆಗೆ, ಯಾರು ‘ಇತರರು’ ಎಂಬ ವಿಭಾಗದಲ್ಲಿ ಎಂಬುದನ್ನು ಅವನು ನಿರ್ಧರಿಸುತ್ತಾನೆ. ಹೊರನಾಡಿನ ಕನ್ನಡ ಲೇಖಕರಿಗೆ ಈ ‘ಇತರರು’ ವಿಭಾಗದ ಪರಿಚಯ ಚೆನ್ನಾಗಿಯೇ ಇದೆ. ವ್ಯತ್ಯಾಸವೆಂದರೆ ಸಂಕಲನಕ್ಕೊಂದು ಮುನ್ನುಡಿ ಇರುತ್ತದೆ, ಆಯ್ಕೆಯ ಮಾನದಂಡವನ್ನು ಅಲ್ಲಿ ಒಪ್ಪಿಸಬೇಕಾಗುತ್ತದೆ, ವಿಮರ್ಶಕರು ಅದನ್ನು ಹಿಡಿದು ಜಗ್ಗಾಡಬಹುದು. ಪೆಟ್ಟಿಗೆಯ ಮೊದಲ ಪರದೆಗೆ ಮುನ್ನುಡಿಯಿಲ್ಲ.

ದೂರದರ್ಶನದ ವಿಮರ್ಶೆಯಲ್ಲಿ ಈ ಬದಲಾವಣೆಯನ್ನು ಗುರುತಿಸಲು ಈಗಲೂ ನೆರವಾಗುವವರು ರೇಮಂಡ್ ವಿಲಿಯಮ್ಸ್. 1974ರ ‘ಟೆಲಿವಿಷನ್: ಟೆಕ್ನಾಲಜಿ ಆ್ಯಂಡ್ ಕಲ್ಚರಲ್ ಫಾರ್ಮ್’ ಕೃತಿಯಲ್ಲಿ ಅವರು ‘ಹರಿವು’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಮಯಾಮಿಗೆ ಬಂದಿಳಿದ ಆಯಾಸದಲ್ಲಿ ಒಂದು ರಾತ್ರಿ ಹೋಟೆಲಿನ ಟೀವಿ ನೋಡುತ್ತಿದ್ದಾಗ ಚಲನಚಿತ್ರ, ಜಾಹೀರಾತು, ಮುಂದೆ ಬರಲಿರುವ ಚಿತ್ರಗಳ ತುಣುಕು ಎಲ್ಲವೂ ಒಂದರೊಳಗೊಂದು ಬೆರೆತು ಹರಿಯುತ್ತಿರುವುದು ಅವರ ಗಮನಕ್ಕೆ ಬಂತು. ದೂರದರ್ಶನವೆಂದರೆ ಬಿಡಿ ಕಾರ್ಯಕ್ರಮಗಳ ಮೊತ್ತವಲ್ಲ, ಯೋಜಿತವಾದ ಹರಿವು ಎಂಬ ತಿಳಿವು ಆ ಗೊಂದಲದಿಂದ ಹುಟ್ಟಿದ್ದು. ಅಮಾಂಡಾ ಲಾಟ್ಜ್ 2017ರ ‘ಪೋರ್ಟಲ್ಸ್’ ಪುಸ್ತಕದಲ್ಲಿ ಅಂತರ್ಜಾಲದ ಟೀವಿಯು ವೇಳಾಪಟ್ಟಿಯನ್ನು ಬಿಟ್ಟು ಸಂಗ್ರಹದ ಜೋಡಣೆಯನ್ನು ತನ್ನ ಮುಖ್ಯ ಕೆಲಸವಾಗಿ ಮಾಡಿಕೊಂಡಿದೆಯೆಂದು ವಾದಿಸಿದರು. ಹೊಳೆ ಹೋಗಿ ಕಪಾಟು ಬಂದಿದೆ ಎನ್ನಬಹುದು. ಕೇಬಲ್ಲಿನ ಪೆಟ್ಟಿಗೆಯೊಳಗೆ ಒಟಿಟಿ ಸೇವೆಗಳು ಸೇರಿದಾಗ ಮಾತ್ರ ಹೊಳೆ, ಕಪಾಟು ಎರಡೂ ಒಂದೇ ರಿಮೋಟಿನ ಕೆಳಗೆ ಬರುತ್ತವೆ.

ವಿಲಿಯಮ್ಸರ ಬಗ್ಗೆ ಈ ಪತ್ರಿಕೆಯ ಓದುಗರು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಅವರು ಗಡಿನಾಡಿನವರು. ವೇಲ್ಸ್ ಮತ್ತು ಇಂಗ್ಲೆಂಡಿನ ಅಂಚಿನ ಪಾಂಡಿ ಎಂಬ ಹಳ್ಳಿಯಲ್ಲಿ, ರೈಲ್ವೆ ಸಿಗ್ನಲ್‌ಮನ್ ಒಬ್ಬರ ಮಗನಾಗಿ ಹುಟ್ಟಿದವರು. 1960ರಲ್ಲಿ ಬಂದ ಅವರ ಮೊದಲ ಕಾದಂಬರಿಯ ಹೆಸರೇ ‘ಬಾರ್ಡರ್ ಕಂಟ್ರಿ’. ಆದರೂ ‘ಹರಿವು’ ಎಂಬ ಪರಿಕಲ್ಪನೆಯಲ್ಲಿ ಗಡಿಯ ಅನುಭವದ ಗುರುತಿಲ್ಲ. ಮಯಾಮಿಯ ಆ ರಾತ್ರಿ ಅವರನ್ನು ದಿಕ್ಕೆಡಿಸಿದ ಹರಿವು ಪೂರ್ತಿಯಾಗಿ ಇಂಗ್ಲಿಷಿನದು. ಕಾಸರಗೋಡಿನ, ಅಕ್ಕಲಕೋಟೆಯ, ತಾಳವಾಡಿಯ ಮನೆಯೊಂದರಲ್ಲಿ ಟೀವಿಯ ಹರಿವು ಎಂದೂ ಒಂದೇ ಭಾಷೆಯದಾಗಿರಲಿಲ್ಲ. ಅಲ್ಲಿ ವಾಹಿನಿ ಬದಲಿಸುವುದೆಂದರೆ ಭಾಷೆ ಬದಲಿಸುವುದು. ಸುದ್ದಿಗೆ ಒಂದು ಭಾಷೆ, ಧಾರಾವಾಹಿಗೆ ಇನ್ನೊಂದು, ಕ್ರಿಕೆಟ್ಟಿಗೆ ಮತ್ತೊಂದು. ಅತ್ತೆ ಒಂದು ಭಾಷೆಯಲ್ಲಿ ನೋಡಿದ್ದನ್ನು ಸೊಸೆ ಇನ್ನೊಂದರಲ್ಲಿ ಹೇಳುವುದುಂಟು. ಈ ಬಹುಭಾಷಿಕ ಹರಿವಿನ ವಿಮರ್ಶೆ ನಮ್ಮಲ್ಲಿ ಬರೆಯಲ್ಪಡುವ ಮೊದಲೇ ಕಪಾಟಿನ ಕಾಲ ಬಂದುಬಿಟ್ಟಿದೆ.

ಹಾಗೆಂದು ಹಿಂದಿನ ಹರಿವು ಗಡಿ ಕನ್ನಡಿಗರಿಗೆ ಉದಾರವಾಗಿತ್ತೆಂದು ಭಾವಿಸಬೇಕಾಗಿಲ್ಲ. ಮಧ್ಯಮ ತರಂಗದ ಬಾನುಲಿಗೆ ರಾಜ್ಯದ ಗಡಿ ಗೊತ್ತಿರಲಿಲ್ಲ. ಧಾರವಾಡದ, ಮಂಗಳೂರಿನ ನಿಲಯಗಳ ದನಿ ಗಡಿ ದಾಟಿ ಹೋಗಲು ಯಾರ ಪರವಾನಗಿಯೂ ಬೇಕಿರಲಿಲ್ಲ. ಕೇಬಲ್ಲು ತಂತಿಯಾದ್ದರಿಂದ ಅದಕ್ಕೊಂದು ತುದಿಯಿತ್ತು, ತುದಿಯಲ್ಲೊಬ್ಬ ಕೇಬಲ್ಲಿನವನಿದ್ದ. 1995ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆಗೆ 2000ದಲ್ಲಿ ಆದ ತಿದ್ದುಪಡಿಯು ದೂರದರ್ಶನದ ಎರಡು ವಾಹಿನಿಗಳನ್ನೂ ರಾಜ್ಯವೊಂದರ ಪ್ರಾದೇಶಿಕ ಭಾಷೆಯ ಒಂದು ವಾಹಿನಿಯನ್ನೂ ಪ್ರತಿಯೊಬ್ಬ ಕೇಬಲ್ ನಿರ್ವಾಹಕನೂ ಕೊಡಲೇಬೇಕೆಂದಿತು. ಮುಂದಿನ ತಿದ್ದುಪಡಿಗಳಲ್ಲಿ ಈ ಮಾತು ಬದಲಾಯಿತು. ಆದರೂ ಆ ವಾಕ್ಯ ಒಂದು ಕಾಲದ ಕಲ್ಪನೆಯನ್ನು ಹಿಡಿದಿಟ್ಟಿದೆ. ಪ್ರಾದೇಶಿಕ ಭಾಷೆಯೆಂದರೆ ರಾಜ್ಯದ ಭಾಷೆ, ರಾಜ್ಯಕ್ಕೆ ಭಾಷೆ ಒಂದೇ. ಕಾಸರಗೋಡಿನ ಕನ್ನಡಕ್ಕೆ, ಸೊಲ್ಲಾಪುರದ ಕನ್ನಡಕ್ಕೆ ಆ ವಾಕ್ಯದೊಳಗೆ ಜಾಗವಿರಲಿಲ್ಲ. ಜಾಗವಿದ್ದದ್ದು ಕೇಬಲ್ಲಿನವನ ಮರ್ಜಿಯಲ್ಲಿ. ಆತ ಊರಿನವನೇ, ಬಾಡಿಗೆ ವಸೂಲಿಗೆ ತಿಂಗಳಿಗೊಮ್ಮೆ ಮನೆಗೆ ಬರುವವನು. ಉದಯ ಟೀವಿ ತೆಗೆದುಹಾಕಿದನೆಂದರೆ ಕೇರಿಯ ನಾಲ್ಕು ಮನೆಯವರು ಸೇರಿ ಕೇಳಬಹುದಾಗಿತ್ತು. ಹಕ್ಕಿರಲಿಲ್ಲ, ಹೇಳಿಕೊಳ್ಳಲು ಒಬ್ಬ ಮನುಷ್ಯನಿದ್ದ.

ಡಿಜಿಟಲ್ ಪೆಟ್ಟಿಗೆ ಬಂದಾಗ ಈ ಮನುಷ್ಯ ಸ್ವಲ್ಪ ಹಿಂದೆ ಸರಿದ, ರಾಜ್ಯ ಸ್ವಲ್ಪ ಮುಂದೆ ಬಂತು. ಇದು ಅಕ್ಷರಶಃ ನಡೆದದ್ದು. ತಮಿಳುನಾಡು ಸರ್ಕಾರ 2007ರಲ್ಲಿ ಸ್ಥಾಪಿಸಿದ ಅರಸು ಕೇಬಲ್ ಟೀವಿ ನಿಗಮ 2011ರಲ್ಲಿ ಮರುಜೀವ ಪಡೆದು ತಿಂಗಳಿಗೆ 70 ರೂಪಾಯಿಗೆ ಸಂಪರ್ಕ ಕೊಟ್ಟಿತು. 2017ರಲ್ಲಿ ಡಿಜಿಟಲ್ ಪರವಾನಗಿ ದೊರೆತ ಮೇಲೆ ಉಚಿತವಾಗಿ ಸೆಟ್‌ಟಾಪ್ ಬಾಕ್ಸ್ ಹಂಚಿತು. ಆಂಧ್ರಪ್ರದೇಶದ ಸರ್ಕಾರಿ ಸಂಸ್ಥೆ ಫೈಬರ್‌ನೆಟ್ ಅದೇ ವರ್ಷದ ಕೊನೆಗೆ ರಾಷ್ಟ್ರಪತಿಯವರಿಂದ ಉದ್ಘಾಟನೆಯಾಗಿ, ತಿಂಗಳಿಗೆ 149 ರೂಪಾಯಿಯಿಂದ ಆರಂಭವಾಗುವ ದರಕ್ಕೆ ಅಂತರ್ಜಾಲ, ದೂರವಾಣಿ, ಟೀವಿ ಮೂರನ್ನೂ ಒಂದೇ ತಂತಿಯಲ್ಲಿ ಕೊಡುವ ಯೋಜನೆಯಾಯಿತು. ಹೊಸೂರು, ತಾಳವಾಡಿಯ ಕನ್ನಡ ಮನೆಗೂ ಆದೋನಿ, ರಾಯದುರ್ಗ, ಮಡಕಶಿರೆಯ ಕನ್ನಡ ಮನೆಗೂ ಪೆಟ್ಟಿಗೆಯನ್ನು ಕೊಡುವವರ ಸಾಲಿನಲ್ಲಿ ಹೀಗೆ ಸರ್ಕಾರವೇ ನಿಂತಿತು. ಶಾಲೆ, ಕಚೇರಿ, ಬಸ್ಸಿನ ಫಲಕಗಳಂತೆ ಟೀವಿಯ ಮೊದಲ ಪರದೆಯೂ ರಾಜ್ಯಭಾಷೆಯ ನೆಲವಾಗಬಹುದೆಂಬ ಅರಿವು ಭಾಷಾ ಅಲ್ಪಸಂಖ್ಯಾತರ ಚರ್ಚೆಯಲ್ಲಿ ಮೂಡಬೇಕಿತ್ತು. ಮೂಡಲಿಲ್ಲ.

ಅದೇ 2017ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೊಸ ನಿಯಮಾವಳಿಯನ್ನು ಹೊರಡಿಸಿತು. ಅದರ ಎರಡು ಅಂಶಗಳನ್ನು ಭಾಷೆಯ ದೃಷ್ಟಿಯಿಂದ ಓದಬೇಕು. ಒಂದು, ಪೆಟ್ಟಿಗೆಯ ಕಾರ್ಯಕ್ರಮ ಸೂಚಿಯಲ್ಲಿ ಒಂದೇ ಪ್ರಕಾರದ ವಾಹಿನಿಗಳನ್ನು ಒಟ್ಟಿಗೆ ಇಡಬೇಕು, ಆ ಪ್ರಕಾರದೊಳಗೆ ಒಂದೇ ಭಾಷೆಯ ವಾಹಿನಿಗಳು ಸಾಲಾಗಿ ಬರಬೇಕು, ಒಂದು ವಾಹಿನಿ ಒಂದೇ ಕಡೆ ಕಾಣಿಸಿಕೊಳ್ಳಬೇಕು. ನೀರಸವಾದ ಈ ನಿಯಮ ಭಾರತದ ದೃಶ್ಯಮಾಧ್ಯಮದ ಕಾನೂನಿನಲ್ಲಿ ಭಾಷೆಗೆ ಸಿಕ್ಕ ಅಪರೂಪದ ಸ್ಥಾನ. ಕನ್ನಡದ ಮನರಂಜನೆಯ ಒಂದು ವಾಹಿನಿ ಸಿಕ್ಕಿತೆಂದರೆ ಅದರ ಅಕ್ಕಪಕ್ಕ ಉಳಿದವೂ ಸಿಗುತ್ತವೆ; ಅಜ್ಜಿಯ ಹೆಬ್ಬೆರಳಿಗೆ ದಾರಿ ಗೊತ್ತಾಗುತ್ತದೆ. ಎರಡನೆಯದು ವಾಹಿನಿಯನ್ನು ಹೊತ್ತು ತರುವ ಶುಲ್ಕ. ಒಂದು ಮಾರುಕಟ್ಟೆಯ ಚಂದಾದಾರರಲ್ಲಿ ಎಷ್ಟು ಪಾಲು ಜನ ಆ ವಾಹಿನಿಯನ್ನು ಆಯ್ದುಕೊಂಡಿದ್ದಾರೆಂಬುದನ್ನು ನೋಡಿ ಈ ಶುಲ್ಕ ನಿಗದಿಯಾಗುತ್ತದೆ. ಶೇಕಡಾ 20 ಮುಟ್ಟಿದರೆ ಶುಲ್ಕವಿಲ್ಲ. ಕಾಸರಗೋಡು, ಮಂಜೇಶ್ವರಗಳನ್ನಷ್ಟೇ ಒಂದು ಮಾರುಕಟ್ಟೆಯಾಗಿ ಎಣಿಸಿದರೆ ಕನ್ನಡ ವಾಹಿನಿಯ ಲೆಕ್ಕ ಒಂದು ತರಹ. ಕೇರಳವನ್ನೆಲ್ಲ ಒಂದಾಗಿ ಎಣಿಸಿದರೆ ಆ ಲೆಕ್ಕ ಕಡಲಿಗೆ ಸುರಿದ ಚೆಂಬು ನೀರು. ಭಾಷಾ ಅಲ್ಪಸಂಖ್ಯಾತತ್ವವೆಂಬುದು ಗೆರೆಯನ್ನು ಎಲ್ಲಿ ಎಳೆಯುತ್ತೇವೆಂಬುದನ್ನು ಅವಲಂಬಿಸಿದ ಸಂಗತಿ ಎಂಬ ಹಳೆಯ ಸತ್ಯ ಶುಲ್ಕಪಟ್ಟಿಯ ರೂಪದಲ್ಲಿ ಮತ್ತೆ ಎದುರಾಗುತ್ತದೆ.

ಪ್ರತಿಸ್ಪರ್ಧಿಗಳು ಭಾರತದ ಪೆಟ್ಟಿಗೆಯೊಳಗೆ ಬಂದದ್ದು ಇದಾದ ಮೇಲೆ. ಟಾಟಾ ಸ್ಕೈ 2019ರಲ್ಲಿ ಬಿಂಜ್ ಸೇವೆಯನ್ನೂ 2020ರ ಜನವರಿಯಲ್ಲಿ ವಾಹಿನಿ ಮತ್ತು ಒಟಿಟಿ ಎರಡನ್ನೂ ತೋರಿಸುವ ಆಂಡ್ರಾಯ್ಡ್ ಪೆಟ್ಟಿಗೆಯನ್ನೂ ತಂದಿತು. ಏರ್‌ಟೆಲ್ 2019ರಲ್ಲಿ ಎಕ್ಸ್‌ಸ್ಟ್ರೀಮ್ ಪೆಟ್ಟಿಗೆಯನ್ನು ಹೊರತಂದಿತು. 2022ರ ಜನವರಿಯಲ್ಲಿ ಟಾಟಾ ಸ್ಕೈ ತನ್ನ ಹೆಸರನ್ನು ಟಾಟಾ ಪ್ಲೇ ಎಂದು ಬದಲಿಸಿಕೊಂಡಾಗ ನೆಟ್‌ಫ್ಲಿಕ್ಸ್ ಅದರ ಪ್ಯಾಕುಗಳಲ್ಲಿ ಸೇರಿತ್ತು. ಹೆಸರಿನಿಂದ ‘ಆಕಾಶ’ವನ್ನು ತೆಗೆದದ್ದು ಆಕಸ್ಮಿಕವಲ್ಲ, ಕಾರ್ಯಕ್ರಮ ಇನ್ನು ಮೇಲೆ ಬರುವುದು ಆಕಾಶದಿಂದ ಮಾತ್ರವಲ್ಲ ಎಂಬ ಒಪ್ಪಿಗೆ ಅದು.

ಈಗ ಆ ಪೆಟ್ಟಿಗೆಯನ್ನು ಒಂದು ಪಠ್ಯವಾಗಿ ಓದಿದರೆ ಒಡೆದು ಕಾಣುವುದು ಒಂದು ವಿಚಿತ್ರ: ಒಂದೇ ಪೆಟ್ಟಿಗೆಯೊಳಗೆ ಎರಡು ಕಾನೂನುಗಳಿವೆ. ವಾಹಿನಿಗಳ ಪಟ್ಟಿಗೆ ಹೋದರೆ ಕನ್ನಡಕ್ಕೆ ನಿಯಮದಿಂದ ದೊರೆತ ಸಾಲಿದೆ, ಅಂಕಿಯಿದೆ. ಗುಂಡಿಯೊಂದನ್ನು ಒತ್ತಿ ಒಟಿಟಿಯ ಪರದೆಗೆ ಬಂದರೆ ಆ ನಿಯಮ ಹೊಸ್ತಿಲಲ್ಲೇ ನಿಲ್ಲುತ್ತದೆ. ಅಲ್ಲಿ ಯಾವ ಚಿತ್ರ ಮೇಲಿನ ಸಾಲಿನಲ್ಲಿ, ಯಾವ ಭಾಷೆ ಮೂರು ಬಾರಿ ಕೆಳಗೆ ಸರಿಸಿದ ಮೇಲೆ ಎಂಬುದು ಪೆಟ್ಟಿಗೆಯವರ ಮತ್ತು ಸೇವೆಯವರ ಒಪ್ಪಂದಕ್ಕೆ ಬಿಟ್ಟದ್ದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಒಟಿಟಿಗೆ ನೀತಿಸಂಹಿತೆ, ವಯೋಮಾನದ ವರ್ಗೀಕರಣ, ದೂರು ಪರಿಹಾರಗಳನ್ನು ವಿಧಿಸಿದವು. ಜೋಡಣೆಯ ಕ್ರಮದ ಬಗ್ಗೆ ಅವು ಮೌನವಾಗಿವೆ. ನೋಡಬಾರದ್ದನ್ನು ತಡೆಯುವ ಚಿಂತೆ ನಮ್ಮ ಕಾನೂನಿಗೆ ಇದ್ದಷ್ಟು ನೋಡಬೇಕೆಂದವರಿಗೆ ಕಾಣಿಸುವ ಚಿಂತೆ ಇಲ್ಲ.

ಇಲ್ಲಿ ಲಾಭವನ್ನು ಕಡಿಮೆ ಮಾಡಿ ಹೇಳುವುದು ಅಪ್ರಾಮಾಣಿಕತೆಯಾದೀತು. ಜತ್ತಿನ ಒಂದು ಹಳ್ಳಿಯ ಮನೆಗೆ, ಗೋವೆಯ ವಾಸ್ಕೋದ ಒಂದು ಬಾಡಿಗೆ ಕೋಣೆಗೆ ಕನ್ನಡ ಧಾರಾವಾಹಿ, ಕನ್ನಡ ಸುದ್ದಿ, ಕನ್ನಡ ಚಿತ್ರ ಬರಲು ಇನ್ನು ಕೇಬಲ್ಲಿನವನ ಮರ್ಜಿ ಬೇಕಾಗಿಲ್ಲ. ಆ ಮಾರುಕಟ್ಟೆಯ ಶೇಕಡಾ 20 ಜನ ಕನ್ನಡಿಗರಾಗಿರಬೇಕಾಗಿಲ್ಲ. ಗಡಿಯಾಚೆಯ ಕನ್ನಡಕ್ಕೆ ಬಾನುಲಿಯ ಕಾಲದ ಸ್ವಾತಂತ್ರ್ಯ, ಚಿತ್ರಸಮೇತವಾಗಿ, ಮತ್ತೆ ಸಿಕ್ಕಿದೆಯೆಂದರೂ ತಪ್ಪಲ್ಲ. ಬಾನುಲಿ ಪುಕ್ಕಟೆಯಾಗಿತ್ತು, ಇದಕ್ಕೆ ಬ್ರಾಡ್‌ಬ್ಯಾಂಡ್ ಬೇಕು, ಚಂದಾ ಬೇಕು, ಪಾಸ್‌ವರ್ಡು ನೆನಪಿಡುವ ಮೊಮ್ಮಗ ಬೇಕು. ಆದರೂ ಇದು ನಿಜವಾದ ಲಾಭ.

ಆದರೆ ಕಪಾಟಿನ ಮೇಲೆ ‘ಕನ್ನಡ’ ಎಂದು ಬರೆದ ಚೀಟಿಯ ಕೆಳಗೆ ಏನಿದೆ? ಡಬ್ಬಿಂಗಿನ ವಿರುದ್ಧ ಕನ್ನಡ ಚಿತ್ರೋದ್ಯಮ ಬಹುಕಾಲ ಕಾಪಾಡಿಕೊಂಡು ಬಂದ ಅಘೋಷಿತ ನಿಷೇಧವನ್ನು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ತಪ್ಪೆಂದು ತೀರ್ಮಾನಿಸಿತು. ಅಲ್ಲಿಂದ ಮುಂದೆ ತೆಲುಗು, ತಮಿಳು, ಹಿಂದಿ ಚಿತ್ರಗಳ ಕನ್ನಡ ದನಿಪಟ್ಟಿಗಳು ಹೆಚ್ಚಿದವು. ಒಟಿಟಿಯ ಪಟ್ಟಿಯಲ್ಲಿ ಮೂಲ ಕನ್ನಡ ಕೃತಿಯೂ ಕನ್ನಡದ ದನಿ ಹೊಂದಿದ ಹೊರಗಿನ ಕೃತಿಯೂ ಒಂದೇ ಹೆಸರಿನಡಿ ಸೇರುವುದು ವಾಡಿಕೆಯಾಗಿದೆ. ಡಬ್ಬಿಂಗ್ ಸರಿಯೇ ತಪ್ಪೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಭಾಷೆಯ ಹಕ್ಕಿನ ದೃಷ್ಟಿಯಿಂದ ಅದನ್ನು ಸಮರ್ಥಿಸಲು ಗಟ್ಟಿ ಕಾರಣಗಳಿವೆ. ಆದರೆ ಮಲಯಾಳವನ್ನು ನೇರವಾಗಿ ಅನುಭವಿಸಬಲ್ಲ ಕುಂಬಳೆಯ ನೋಡುಗನಿಗೆ ಕನ್ನಡ ದನಿಯ ಮಲಯಾಳ ಚಿತ್ರವನ್ನು ‘ಕನ್ನಡ’ದ ಸಾಲಿನಲ್ಲಿ ನೀಡುವ ಕಪಾಟು ಅವನ ದ್ವಿಭಾಷಿಕತೆಯನ್ನು ಓದಲಾರದ ಕಪಾಟು. ಈ ಸೇವೆಗಳಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಆರಿಸಿಕೊಳ್ಳಲು ಸಾಧ್ಯವಿದ್ದರೂ, ಆಯ್ದ ಭಾಷೆಗಳು ರುಚಿಗಳಂತೆ ಅಕ್ಕಪಕ್ಕ ಕೂರುತ್ತವೆ. ಮನೆಮಾತು ಯಾವುದು, ಶಾಲೆಯ ಮಾತು ಯಾವುದು, ಪೇಟೆಯ ಮಾತು ಯಾವುದು ಎಂಬ ಮೇಲು-ಕೆಳಗಿನ, ಹತ್ತಿರ-ದೂರದ ಸಂಬಂಧವನ್ನು ಅವು ಬಲ್ಲವಲ್ಲ. ಬಡಗ, ಬ್ಯಾರಿಯಂಥ ಮಾತುಗಳಿಗಂತೂ ಆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ.

ಕಪಾಟಿಗೆ ಬಾರದೇ ಉಳಿಯುವುದರ ಉದಾಹರಣೆಯೂ ಕಣ್ಣೆದುರಿಗಿದೆ. ಕರಾವಳಿ ಕರ್ನಾಟಕದ ಬದುಕನ್ನು ಏಳು ಕತೆಗಳಲ್ಲಿ ಹೇಳುವ ‘ಏಕಂ’ ಸರಣಿಯನ್ನು ಕೊಳ್ಳುವ ಒಟಿಟಿ ಸೇವೆ ಸಿಗದೆ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ 2024ರ ಜುಲೈನಲ್ಲಿ ಅದಕ್ಕೆಂದೇ ಜಾಲತಾಣವೊಂದನ್ನು ಮಾಡಿ ಬಿಡುಗಡೆ ಮಾಡಿತು. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಅದನ್ನು ಹುಡುಕಿ ನೋಡಿದವರಿದ್ದಾರೆ. ಆದರೆ ಹತ್ತಾರು ಪ್ರತಿಸ್ಪರ್ಧಿಗಳಿಗೆ ಒಟ್ಟಿಗೆ ಜಾಗ ಕೊಟ್ಟ ಪೆಟ್ಟಿಗೆಯ ಹುಡುಕಾಟ ತನ್ನೊಳಗಿನ ಸೇವೆಗಳನ್ನಷ್ಟೇ ಹುಡುಕುತ್ತದೆ. ಹೊರಗೆ ನಿಂತ ಕೃತಿ ಅದರ ಮಟ್ಟಿಗೆ ಹುಟ್ಟೇ ಇಲ್ಲ. ಎಲ್ಲ ಸ್ಪರ್ಧಿಗಳೂ ಒಂದೇ ಕಡೆ ಸಿಗುತ್ತಾರೆಂಬ ಭರವಸೆ ಕೊಡುವ ಪೆಟ್ಟಿಗೆ, ಅಲ್ಲಿ ಸಿಗದ್ದನ್ನು ಇಲ್ಲದ್ದೆಂದು ನಂಬಿಸುವ ಪೆಟ್ಟಿಗೆಯೂ ಹೌದು. ಕಾಸರಗೋಡಿನ ಭಾವಲೋಕಕ್ಕೆ ಬೆಂಗಳೂರಿನ ಎಷ್ಟೋ ಚಿತ್ರಗಳಿಗಿಂತ ಹತ್ತಿರವಾದ ಒಂದು ಕೃತಿ ಹೀಗೆ ಹೊರಗುಳಿದದ್ದು ಸಣ್ಣ ಮಾತಲ್ಲ.

ಇದಕ್ಕಿಂತ ಗಂಭೀರವಾದದ್ದು ಎಣಿಕೆಯ ಪ್ರಶ್ನೆ. ಭಾರತದಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳೆಲ್ಲವೂ ನೆಲ ಮತ್ತು ತಲೆಯೆಣಿಕೆಯ ಮೇಲೆ ನಿಂತಿವೆ. 1949ರ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿದ ಸೂತ್ರದಂತೆ ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರು ಬೇಕು. ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ಜನರಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೂ ತಮಿಳರಿಗೂ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟದ್ದೂ ಅವರು ಒಂದು ನೆಲದಲ್ಲಿ ಒಟ್ಟಾಗಿ ಇದ್ದಾರೆಂಬ ಆಧಾರದಿಂದ. ಇಷ್ಟು ಜನ ಇಲ್ಲಿದ್ದೇವೆ ಎಂದು ತೋರಿಸುವುದೇ ಗಡಿ ಕನ್ನಡಿಗರ ರಾಜಕಾರಣದ ಮೊದಲ ಹೆಜ್ಜೆಯಾಗಿ ಬಂದಿದೆ. ವಾಹಿನಿಯ ಕಾಲದಲ್ಲೂ ಈ ಎಣಿಕೆ ಅವರಿಗೆ ಅನುಕೂಲವಾಗಿರಲಿಲ್ಲ: ಬಾರ್ಕ್ ಸಂಸ್ಥೆಯ ಸಾಪ್ತಾಹಿಕ ಪಟ್ಟಿಯಲ್ಲಿ ಕನ್ನಡ ವಾಹಿನಿಗಳ ಅಂಕಿ ಕರ್ನಾಟಕವೆಂಬ ಮಾರುಕಟ್ಟೆಯದಾಗಿ ಪ್ರಕಟವಾಗುತ್ತದೆ. ಗಡಿಯಾಚೆ ಕುಳಿತು ಕನ್ನಡ ನೋಡಿದವರ ಸಂಜೆಗಳು ಆ ಅಂಕಿಯಲ್ಲಿಲ್ಲ.

ಒಟಿಟಿಯ ಖಾತೆ ಈ ಪರಿಸ್ಥಿತಿಯನ್ನು ತಲೆಕೆಳಗು ಮಾಡಿದೆ. ಯಾವ ಖಾತೆ, ಯಾವ ಊರಿನಿಂದ, ಯಾವ ಭಾಷೆಯ ಯಾವ ಕಂತನ್ನು ಎಷ್ಟು ನಿಮಿಷ ನೋಡಿತೆಂಬುದು ಈ ಸೇವೆಗಳ ದಿನನಿತ್ಯದ ಲೆಕ್ಕ. ಅಕ್ಕಲಕೋಟೆಯಲ್ಲಿ ಎಷ್ಟು ಮನೆಗಳಲ್ಲಿ ಕನ್ನಡ ಕೇಳಿಸುತ್ತದೆಂಬುದಕ್ಕೆ ಜನಗಣತಿಗಿಂತ ಸೂಕ್ಷ್ಮವಾದ ದಾಖಲೆಯೊಂದು ಇತಿಹಾಸದಲ್ಲಿ ಮೊದಲ ಬಾರಿಗೆ ಸಿದ್ಧವಾಗುತ್ತಿದೆ, ಮತ್ತು ಅದು ವ್ಯಾಪಾರದ ಗುಟ್ಟು. ಗಡಿ ಕನ್ನಡಿಗ ಗ್ರಾಹಕನಾಗಿ ಬಿಡಿಬಿಡಿಯಾಗಿ ಕಾಣಿಸುತ್ತಾನೆ, ಸಮುದಾಯವಾಗಿ ಕಾಣಿಸುವುದಿಲ್ಲ. ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಂತಾಗ ‘ನೀವು ಎಷ್ಟು ಜನ?’ ಎಂಬ ಪ್ರಶ್ನೆಗೆ ಉತ್ತರ ಅವನ ಟೀವಿಯ ಕೆಳಗಿನ ಪೆಟ್ಟಿಗೆಗೆ ಗೊತ್ತಿರುತ್ತದೆ, ಅವನಿಗೆ ಗೊತ್ತಿರುವುದಿಲ್ಲ.

ಈ ಪ್ರಶ್ನೆಗಳನ್ನು ಕಾನೂನಿನ ಭಾಷೆಗೆ ತರುವುದು ಸಾಧ್ಯವೆಂಬುದಕ್ಕೆ ವಿಲಿಯಮ್ಸರ ನಾಡಿನಲ್ಲೇ ನಿದರ್ಶನವಿದೆ. ವೆಲ್ಷ್ ಭಾಷೆಯ ಎಸ್‌4ಸಿ ವಾಹಿನಿ 1982ರ ನವೆಂಬರಿನಲ್ಲಿ ಆರಂಭವಾಯಿತು. ಅದಕ್ಕಾಗಿ ಗ್ವಿನ್‌ಫೋರ್ ಎವನ್ಸ್ ಆಮರಣ ಉಪವಾಸದ ಎಚ್ಚರಿಕೆ ಕೊಡಬೇಕಾಗಿ ಬಂದಿತ್ತು. ಬ್ರಿಟನ್ನಿನ 2024ರ ಮೀಡಿಯಾ ಕಾಯ್ದೆ ಎರಡು ಕೆಲಸ ಮಾಡಿತು. ಅಂತರ್ಜಾಲಕ್ಕೆ ಜೋಡಿಸಿದ ಟೀವಿ ಮತ್ತು ಪೆಟ್ಟಿಗೆಗಳಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಸೇವೆಗಳು, ಎಸ್‌4ಸಿಯದೂ ಸೇರಿ, ಸುಲಭವಾಗಿ ಕಾಣುವಂತೆ ಇರಬೇಕೆಂಬ ಹೊಣೆಯನ್ನು ಪೆಟ್ಟಿಗೆಯವರ ಮೇಲೆ ಹೊರಿಸಲು ದಾರಿ ಮಾಡಿತು. ಎಸ್‌4ಸಿಯ ಕರ್ತವ್ಯವನ್ನು ವೇಲ್ಸಿನ ಗಡಿಯಿಂದ ಬಿಡಿಸಿ, ಬ್ರಿಟನ್ನಿನ ಉಳಿದೆಡೆಯ ಮತ್ತು ಅದರಾಚೆಯ ವೆಲ್ಷ್ ನೋಡುಗರನ್ನೂ ಒಳಗೊಂಡಿತು. ಈ ಎರಡನೆಯದು ಗಡಿ ಕನ್ನಡಿಗರ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು: ಭಾಷೆಯೊಂದರ ಸಾರ್ವಜನಿಕ ಸೇವೆ ಆ ಭಾಷೆಯ ರಾಜ್ಯಕ್ಕೆ ಮಾತ್ರ ಸಲ್ಲುವುದಲ್ಲ ಎಂಬ ಒಪ್ಪಿಗೆ.

ನಮ್ಮಲ್ಲಿ ನಡೆಯುತ್ತಿರುವುದು ಸೇವೆಗಳನ್ನು ಹುಟ್ಟಿಸುವ ಕೆಲಸ. ಕೇರಳ ಸರ್ಕಾರ 2024ರ ಮಾರ್ಚಿನಲ್ಲಿ ಸಿ-ಸ್ಪೇಸ್ ಎಂಬ ಒಟಿಟಿಯನ್ನು ತೆರೆಯಿತು. ಪ್ರಸಾರ ಭಾರತಿ ಅದೇ ವರ್ಷದ ನವೆಂಬರಿನಲ್ಲಿ ಗೋವೆಯ ಚಿತ್ರೋತ್ಸವದಲ್ಲಿ ವೇವ್ಸ್ ಸೇವೆಯನ್ನು ಬಿಡುಗಡೆ ಮಾಡಿತು. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಕರ್ನಾಟಕ ಸರ್ಕಾರ ಕನ್ನಡ ಚಿತ್ರಗಳಿಗಾಗಿ ತನ್ನದೇ ಒಟಿಟಿಯನ್ನು 2025ರ ಮಾರ್ಚಿನ ಮುಂಗಡಪತ್ರದಲ್ಲಿ ಘೋಷಿಸಿತು. ಇವುಗಳ ಸುತ್ತಲಿನ ಚರ್ಚೆ ಯಾವ ಚಿತ್ರಗಳು, ಎಷ್ಟು ಹಣ, ನಿರ್ಮಾಪಕರಿಗೆ ಎಷ್ಟು ಪಾಲು ಎಂಬಲ್ಲೇ ಸುತ್ತುತ್ತಿದೆ. ಕರ್ನಾಟಕದ ಸೇವೆ ಕರ್ನಾಟಕದಾಚೆಯ ಕನ್ನಡಿಗರನ್ನು ತನ್ನವರೆಂದು ಎಣಿಸುವುದೇ? ಕೇರಳ ಸರ್ಕಾರದ ಸೇವೆಗೆ 1969ರ ಕಾಯ್ದೆಯ ಮನೋಧರ್ಮ ಅನ್ವಯಿಸಿದರೆ ಕಾಸರಗೋಡಿನ ಕನ್ನಡ ಮತ್ತು ತುಳು ಚಿತ್ರಗಳಿಗೆ ಅಲ್ಲಿ ಜಾಗವಿರಬೇಡವೇ? ಈ ಸೇವೆಗಳು ಟಾಟಾ ಪ್ಲೇಯಂಥ ಪೆಟ್ಟಿಗೆಗಳಲ್ಲಿ ಎಷ್ಟನೆಯ ಸಾಲಿನಲ್ಲಿ ಕೂರುತ್ತವೆ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪ್ರಸಾರ ಸೇವೆಗಳ ಮಸೂದೆಯ ಕರಡು ಒಟಿಟಿಯನ್ನೂ ಕೇಬಲ್ಲನ್ನೂ ಒಂದೇ ಚೌಕಟ್ಟಿಗೆ ತರಲು ಹೊರಟಿತ್ತು. ಅದರ ಮೇಲಿನ ವಾಗ್ವಾದವೆಲ್ಲ ಸೆನ್ಸಾರಿನ ಭೀತಿಯದಾಯಿತು. ಭೀತಿಗೆ ಕಾರಣವಿತ್ತು, ಆದರೆ ವಾಹಿನಿಗಳ ಸೂಚಿಯಲ್ಲಿ ಭಾಷೆಗೆ ಈಗಾಗಲೇ ಇರುವ ಸಾಲನ್ನು ಒಟಿಟಿಯ ಪರದೆಗೂ ಹೊಂದಿಸಬಹುದೇ ಎಂದು ಕೇಳುವ ಅವಕಾಶವೂ ಆ ಗದ್ದಲದಲ್ಲಿ ಕಳೆದುಹೋಯಿತು.

ಖಾಸಗಿ ಪೆಟ್ಟಿಗೆಯವರನ್ನು ಇಂದು ಈ ಪ್ರಶ್ನೆ ಕೇಳಲು ಕಾನೂನಿಲ್ಲ. ಆದರೆ ಅರಸು ಕೇಬಲ್ ಮತ್ತು ಆಂಧ್ರದ ಫೈಬರ್‌ನೆಟ್ ಸರ್ಕಾರದ ಸಂಸ್ಥೆಗಳು. ಸಂವಿಧಾನದ 350ಬಿ ವಿಧಿಯಂತೆ ನೇಮಕಗೊಳ್ಳುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ರಾಜ್ಯಗಳಿಂದ ಮಾಹಿತಿ ಕೇಳಿ ವರದಿ ಕೊಡುವವರು. ಅವರ ವರದಿಗಳು ಬಹುಮಟ್ಟಿಗೆ ಶಾಲೆ, ಶಿಕ್ಷಕರು, ಪಠ್ಯಪುಸ್ತಕ, ನೇಮಕಾತಿ, ಅರ್ಜಿಗಳ ಸುತ್ತ ಇವೆ. ಮಡಕಶಿರೆಯ ಮನೆಯೊಂದರಲ್ಲಿ ಸರ್ಕಾರಿ ಪೆಟ್ಟಿಗೆಯನ್ನು ಹಚ್ಚಿದಾಗ ಮೊದಲ ಪರದೆಯಲ್ಲಿ ಯಾವ ಭಾಷೆಗಳು ಯಾವ ಕ್ರಮದಲ್ಲಿ ಬರುತ್ತವೆ, ಆ ತಾಲೂಕಿನಲ್ಲಿ ಕನ್ನಡವನ್ನು ಆರಿಸಿಕೊಂಡ ಸಂಪರ್ಕಗಳೆಷ್ಟು ಎಂಬ ಎರಡು ಕಲಮುಗಳನ್ನು ರಾಜ್ಯಗಳಿಗೆ ಕಳಿಸುವ ಪ್ರಶ್ನಾವಳಿಗೆ ಸೇರಿಸಲು ಹೊಸ ಕಾಯ್ದೆಯೇನೂ ಬೇಕಾಗಿಲ್ಲ.